ನಿತ್ಯಪುಷ್ಪ, ಇಲಿಗಳು ಮತ್ತು ಒಂದಿಷ್ಟು ವಿಷ

ನಿತ್ಯಪುಷ್ಪದ ಗಿಡ ನಿಮಗೆಲ್ಲ ಗೊತ್ತಿರುತ್ತೆ. ಕೆಲವು ಕಡೆ ಕಾಶಿ ಕಣಗಲೆ ಅಂತಾರೆ. ಐದೆಸಳಿನ ಗುಲಾಬಿ ಬಣ್ಣದ ಹೂವು, ಪೂರ್ತಿ ಬಿಳಿಯದೂ ಇದೆ. ಯಾರೂ ನೀರು ಹಾಕದಿದ್ದರೂ ಕಾಂಪೌಂಡ್ ಗೋಡೆಯ ಬಿರುಕಿನಲ್ಲೋ ಬಾವಿಕಟ್ಟೆಯ ಪಕ್ಕದಲ್ಲೋ ತಾನಾಗೇ ಹುಟ್ಟಿ ವರ್ಷವಿಡೀ ಹೂ ಬಿಡುತ್ತಿರುತ್ತೆ. ದನ ಕೂಡ ಅದಕ್ಕೆ ಬಾಯಿ ಹಾಕಲ್ಲ. ತಮಿಳಿನಲ್ಲಿ ನಿತ್ಯಕಲ್ಯಾಣಿ, ತೆಲುಗಿನಲ್ಲಿ ಬಿಳ್ಳಗನ್ನೇರು, ಹಿಂದಿಯಲ್ಲಿ ಸದಾಬಹಾರ್. ಇಷ್ಟೊಂದು ಹೆಸರು ಕೇಳಿದರೆ ನಮ್ಮದೇ ನೆಲದ ಗಿಡ ಅನ್ನಿಸುತ್ತೆ. ಅಲ್ಲ! ಇದರ ತವರು ಮಡಗಾಸ್ಕರ್ ದ್ವೀಪ. ನಮ್ಮ ಮೆಣಸಿನಕಾಯಿ, ಗೋಡಂಬಿಗಳ ಹಾಗೆ ಇದೂ ಸಮುದ್ರ ದಾಟಿ ಬಂದು ಇಲ್ಲಿನದೇ ಆಗಿಹೋಗಿದೆ.

ಇದರ ಬಗ್ಗೆ ಬರೆಯೋಣ ಅನ್ನಿಸಿದ್ದಕ್ಕೆ ಕಾರಣ ವಾಟ್ಸಾಪ್. ನಿಮ್ಮ ಮನೆಯ ಗುಂಪಿಗೂ ಬಂದಿರುತ್ತೆ ಬಿಡಿ: ಕೀಮೋಥೆರಪಿ ಅನ್ನೋದು ರಾಸಾಯನಿಕ ವಿಷ, ಪ್ರಕೃತಿಯಲ್ಲಿ ಅಡ್ಡಪರಿಣಾಮವೇ ಇಲ್ಲದ ಮದ್ದಿದೆ, ಔಷಧ ಕಂಪನಿಗಳು ಅದನ್ನ ಮುಚ್ಚಿಟ್ಟಿವೆ, ಹತ್ತು ಜನಕ್ಕೆ ಕಳಿಸಿ... ಪ್ರತಿಸಲ ಗಿಡದ ಹೆಸರು ಮಾತ್ರ ಬದಲಾಗುತ್ತೆ. ಒಮ್ಮೆ ಲಕ್ಷ್ಮಣಫಲ, ಒಮ್ಮೆ ಗೋಧಿಹುಲ್ಲು, ಇನ್ನೊಮ್ಮೆ ಅರಿಶಿನ. ಇಂಥದ್ದನ್ನು ನಂಬಿ ಆಸ್ಪತ್ರೆ ಬಿಟ್ಟವರನ್ನು ಹತ್ತಿರದಿಂದ ನೋಡಿರದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆನೇನೋ. ನನಗೆ ಸೋಜಿಗ ಅನ್ನಿಸೋದು ಬೇರೆಯೇ. ಆಸ್ಪತ್ರೆಯಲ್ಲಿ ಕಂಬಕ್ಕೆ ನೇತುಹಾಕುವ ಆ 'ರಾಸಾಯನಿಕ ವಿಷ'ಗಳಲ್ಲಿ ಹಲವು ಬಂದಿದ್ದೇ ಗಿಡಗಳಿಂದ. ಮುಚ್ಚಿಡೋದಿರಲಿ, ಗಿಡ ಹುಡುಕಿಕೊಂಡು ಕಾಡು ಮೇಡು ಅಲೆದಿದ್ದೇ ಆ ಜನ. ಹಾಗಂತ ಗಿಡದಿಂದ ಬಂದಿದ್ದಕ್ಕೆ ಅವು ಸೌಮ್ಯವಾದವಾ? ಅದೇ ಇವತ್ತಿನ ಕತೆ.

ಮೊದಲು ಸ್ವಲ್ಪ ಹಿನ್ನೆಲೆ. ಕೀಮೋಥೆರಪಿಯ ಹುಟ್ಟು ಯುದ್ಧದ ಅನಿಲದಲ್ಲಿದೆ. ಮಸ್ಟರ್ಡ್ ಅನಿಲ ತಾಗಿದವರ ರಕ್ತದಲ್ಲಿ ಬಿಳಿ ಕಣಗಳು ಕುಸಿಯುವುದನ್ನು ವೈದ್ಯರು ಗಮನಿಸಿದ್ದರು. ಬಿಳಿ ಕಣಗಳೇ ಹುಚ್ಚಾಪಟ್ಟೆ ಬೆಳೆಯುವ ಕಾಯಿಲೆಗೆ ಇದನ್ನೇ ಯಾಕೆ ಕೊಡಬಾರದು ಅನ್ನೋ ಯೋಚನೆಯಿಂದ 1942ರಲ್ಲಿ ಅಮೆರಿಕದ ಯೇಲ್‌ನಲ್ಲಿ ಗುಡ್‌ಮನ್, ಗಿಲ್‌ಮನ್ ಅನ್ನೋ ಇಬ್ಬರು ಅದರ ಸೋದರ ಸಂಯುಕ್ತವಾದ ನೈಟ್ರೋಜನ್ ಮಸ್ಟರ್ಡ್ ಅನ್ನು ಪ್ರಯೋಗಿಸಿದರು. ಗಡ್ಡೆ ಕರಗಿತು, ಕೆಲವೇ ವಾರದಲ್ಲಿ ವಾಪಸ್ ಬಂತು. 1947-48ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಮಕ್ಕಳ ಲುಕೇಮಿಯಾಕ್ಕೆ ಅಮೈನಾಪ್ಟೆರಿನ್ ಕೊಟ್ಟರು. ಅದನ್ನು ತಯಾರಿಸಿ ಕೊಟ್ಟ ಲೆಡರ್ಲಿ ಪ್ರಯೋಗಾಲಯದ ಮುಖ್ಯಸ್ಥ ನಮ್ಮ ಪಕ್ಕದ ಆಂಧ್ರದವರಾದ ಯಲ್ಲಾಪ್ರಗಡ ಸುಬ್ಬರಾವ್. (ಅವರ ಬಗ್ಗೆ ಬೇರೆಯೇ ಬರೆಯಬೇಕು, ಇನ್ನೊಮ್ಮೆ.) ಅಲ್ಲೂ ಅಷ್ಟೇ, ಮಕ್ಕಳು ಚೇತರಿಸಿಕೊಂಡರು, ತಿಂಗಳುಗಳಲ್ಲಿ ಕಾಯಿಲೆ ಮರುಕಳಿಸಿತು.

ಈಗ ನಿತ್ಯಪುಷ್ಪಕ್ಕೆ ಬರೋಣ. ಈ ಕತೆ ಕ್ಯಾನ್ಸರಿನಿಂದ ಶುರುವಾಗೋದಿಲ್ಲ, ಸಕ್ಕರೆ ಕಾಯಿಲೆಯಿಂದ ಶುರುವಾಗುತ್ತೆ.

1921ರಲ್ಲಿ ಟೊರಾಂಟೋದಲ್ಲಿ ಬ್ಯಾಂಟಿಂಗ್ ಇನ್ಸುಲಿನ್ ಹುಡುಕಲು ಹೊರಟಾಗ ಸಹಾಯಕ್ಕೆ ಇಬ್ಬರು ವಿದ್ಯಾರ್ಥಿಗಳಿದ್ದರು, ಚಾರ್ಲ್ಸ್ ಬೆಸ್ಟ್ ಮತ್ತು ಕ್ಲಾರ್ಕ್ ನೋಬಲ್. ಯಾರು ಮೊದಲು ಕೆಲಸಕ್ಕೆ ಹೋಗೋದು ಅಂತ ನಾಣ್ಯ ಚಿಮ್ಮಿದರು. ಬೆಸ್ಟ್ ಗೆದ್ದ, ಅಲ್ಲೇ ಉಳಿದ, ಇನ್ಸುಲಿನ್ ಜೊತೆ ಅವನ ಹೆಸರೂ ಶಾಶ್ವತವಾಯ್ತು. ನಾಣ್ಯ ಮಗುಚಿ ಬಿದ್ದಿದ್ದಕ್ಕೆ ನೋಬಲ್ ಇತಿಹಾಸದ ಅಡಿಟಿಪ್ಪಣಿ ಆಗಿಹೋದ. ಮೂವತ್ತು ವರ್ಷ ಆದ ಮೇಲೆ, 1952ರಲ್ಲಿ, ಅದೇ ಕ್ಲಾರ್ಕ್ ನೋಬಲ್‌ಗೆ ಜಮೈಕಾದಿಂದ ಒಂದು ಲಕೋಟೆ ಬಂತು. ಒಳಗೆ ನಿತ್ಯಪುಷ್ಪದ 25 ಎಲೆಗಳು. ಇಲ್ಲಿನ ಜನ ಸಕ್ಕರೆ ಕಾಯಿಲೆಗೆ ಇದರ ಕಷಾಯ ಕುಡೀತಾರೆ, ಏನಾದರೂ ಇದೆಯಾ ನೋಡಿ ಅಂತ. ನಮ್ಮಲ್ಲೂ ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಗೆ ಇದರ ಎಲೆಯನ್ನೋ ಹೂವನ್ನೋ ಅಗಿಯುವವರಿದ್ದಾರಲ್ಲ, ಹಾಗೇ.

ಕ್ಲಾರ್ಕ್ ಆ ಎಲೆಗಳನ್ನು ತನ್ನ ತಮ್ಮ ರಾಬರ್ಟ್ ನೋಬಲ್‌ಗೆ ಕೊಟ್ಟ. ತಮ್ಮ ಕೆನಡಾದ ವೆಸ್ಟರ್ನ್ ಆಂಟೇರಿಯೋ ವಿಶ್ವವಿದ್ಯಾಲಯದಲ್ಲಿ ಸಂಶೋಧಕ. ಎಲೆಯ ಸಾರ ತೆಗೆದು ಇಲಿಗಳ ಬಾಯಿಗೆ ಹಾಕಿ ನೋಡಿದರೆ ಸಕ್ಕರೆ ಒಂದಿಷ್ಟೂ ಇಳಿಯಲಿಲ್ಲ. ಸರಿ, ರಕ್ತಕ್ಕೇ ಕೊಟ್ಟು ನೋಡೋಣ ಅಂತ ಇಂಜೆಕ್ಷನ್ ಕೊಟ್ಟರು. ಆಗಲೂ ಸಕ್ಕರೆ ಇದ್ದಲ್ಲೇ ಇತ್ತು. ಆದರೆ ಒಂದು ವಾರದೊಳಗೆ ಇಲಿಗಳು ಸತ್ತುಹೋದವು.

ಇಲ್ಲಿಗೆ ಬಹುಶಃ ಯಾರಾದರೂ ಕೈ ತೊಳೆದುಕೊಂಡು ಬೇರೆ ಕೆಲಸ ನೋಡುತ್ತಿದ್ದರು. ಮದ್ದು ಕೆಲಸ ಮಾಡಲಿಲ್ಲ, ಮೇಲಾಗಿ ವಿಷ. ಫೈಲ್ ಕ್ಲೋಸ್. ನಾವು ಕೂಡ ಎಷ್ಟೋ ಸಲ ಪ್ರೋಗ್ರಾಮ್ ಕ್ರ್ಯಾಶ್ ಆದಾಗ ಲಾಗ್ ಕೂಡ ನೋಡದೆ ರೀಸ್ಟಾರ್ಟ್ ಮಾಡಿಬಿಡ್ತೀವಲ್ಲ :) ನೋಬಲ್ ಲಾಗ್ ನೋಡಿದರು. ಸತ್ತ ಇಲಿಗಳ ಯಕೃತ್ತು, ಮೂತ್ರಪಿಂಡಗಳಲ್ಲಿ ಕೀವು ತುಂಬಿತ್ತು. ಅದು ಸ್ಯೂಡೋಮೊನಾಸ್ ಅನ್ನೋ ಬ್ಯಾಕ್ಟೀರಿಯಾದ ಕೆಲಸ. ಸಾಮಾನ್ಯವಾಗಿ ಆರೋಗ್ಯವಂತ ಇಲಿಗೆ ಏನೂ ಮಾಡದ ಸೋಂಕು ಈಗ ಯಾಕೆ ಕೊಂದಿತು? ರಕ್ತ ಪರೀಕ್ಷಿಸಿದರೆ ಬಿಳಿ ಕಣಗಳು ಕುಸಿದಿದ್ದವು, ಮೂಳೆಯ ಮಜ್ಜೆ ಬರಿದಾಗಿತ್ತು.

ಬಿಳಿ ಕಣಗಳು! ಮಸ್ಟರ್ಡ್ ಅನಿಲ ಕೊಟ್ಟ ಸುಳಿವೂ ಇದೇ ಆಗಿತ್ತು. ಒಂದು ಕಾರ್ಖಾನೆಯಲ್ಲಿ ಹುಟ್ಟಿದ ಯುದ್ಧದ ವಿಷ, ಇನ್ನೊಂದು ಬಾವಿಕಟ್ಟೆಯ ಪಕ್ಕದ ಹೂವಿನ ಗಿಡ. ಎರಡರಲ್ಲೂ ಔಷಧದ ದಾರಿ ತೋರಿಸಿದ್ದು ಅವುಗಳ ವಿಷವೇ. ನಿತ್ಯಪುಷ್ಪ ನಿಜಕ್ಕೂ ಸೌಮ್ಯವಾಗಿದ್ದಿದ್ದರೆ ಇಲಿಗಳು ಬದುಕುತ್ತಿದ್ದವು, ಲಕೋಟೆ ಕಸದ ಬುಟ್ಟಿ ಸೇರುತ್ತಿತ್ತು. 'ಗಿಡಮೂಲ ಅಂದ್ರೆ ನಿರಪಾಯ' ಅನ್ನೋ ಮಾತು ಕೇಳಿದಾಗಲೆಲ್ಲ ನನಗೆ ಆ ಇಲಿಗಳು ನೆನಪಾಗುತ್ತವೆ.

1954ರಲ್ಲಿ ಚಾರ್ಲ್ಸ್ ಬೀರ್ ಅನ್ನೋ ರಸಾಯನಶಾಸ್ತ್ರಜ್ಞ ನೋಬಲ್ ಜೊತೆ ಸೇರಿಕೊಂಡರು. ಎಲೆಯಲ್ಲಿ ಹತ್ತಾರು ಬಗೆಯ ಆಲ್ಕಲಾಯ್ಡ್‌ಗಳು ಕಲಸಿಹೋಗಿರುತ್ತವೆ, ಅವುಗಳಲ್ಲಿ ಬಿಳಿ ಕಣ ಇಳಿಸೋದು ಯಾವುದು ಅಂತ ಜರಡಿ ಹಿಡಿಯೋ ಕೆಲಸ. 1958ರಲ್ಲಿ ಸಿಕ್ಕಿತು, ಇವತ್ತು ವಿನ್‌ಬ್ಲಾಸ್ಟಿನ್ ಅಂತ ಕರೆಯೋ ವಸ್ತು. ಅದೇ ವರ್ಷ ನ್ಯೂಯಾರ್ಕ್ ವಿಜ್ಞಾನ ಅಕಾಡೆಮಿಯ ಸಭೆಯಲ್ಲಿ ಮಂಡಿಸಿದರು. ಪ್ರಬಂಧದ ಶೀರ್ಷಿಕೆಯಲ್ಲೇ 'ಆಕಸ್ಮಿಕ ಅವಲೋಕನಗಳ ಪಾತ್ರ' ಅಂತ ಒಪ್ಪಿಕೊಂಡಿದ್ದಾರೆ. ನನಗೆ ಅದು ಬಹಳ ಇಷ್ಟವಾಯ್ತು. ಸಂಶೋಧನಾ ಪ್ರಬಂಧಗಳಲ್ಲಿ ಸಾಮಾನ್ಯವಾಗಿ ಎಲ್ಲಾ ಮೊದಲೇ ಗೊತ್ತಿತ್ತು ಅನ್ನೋ ಥರ ಬರೆದಿರ್ತಾರೆ.

ಅದೇ ಹೊತ್ತಿಗೆ ಅಮೆರಿಕದ ಎಲೈ ಲಿಲ್ಲಿ ಕಂಪನಿಯಲ್ಲಿ ಗಾರ್ಡನ್ ಸ್ವೊಬೋಡ ಅನ್ನೋರು ಇದೇ ಗಿಡದ ಹಿಂದೆ ಬಿದ್ದಿದ್ದರು. ಅವರಿಗೆ ಸುಳಿವು ಸಿಕ್ಕಿದ್ದು ಫಿಲಿಪೀನ್ಸ್‌ನಿಂದ, ಅಲ್ಲೂ ಸಕ್ಕರೆ ಕಾಯಿಲೆಯ ಮದ್ದು ಅಂತಲೇ. ಅವರ ಸಾರ ಲುಕೇಮಿಯಾ ಇದ್ದ ಇಲಿಗಳ ಆಯಸ್ಸನ್ನು ಹೆಚ್ಚಿಸಿತು. ಎರಡೂ ತಂಡಗಳು ಕೈ ಜೋಡಿಸಿದವು. ಸ್ವೊಬೋಡ ಅದೇ ಎಲೆಯಿಂದ ಇನ್ನೊಂದು ವಸ್ತುವನ್ನು ಬೇರ್ಪಡಿಸಿದರು, ವಿನ್‌ಕ್ರಿಸ್ಟಿನ್. 1963ರಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಒಂದು ಗ್ರಾಂ ಪಡೆಯಲು ನೂರಾರು ಕಿಲೋ ಒಣ ಎಲೆ ಬೇಕಿತ್ತು. (ಮಡಗಾಸ್ಕರ್‌ಗೆ ಇದರಲ್ಲಿ ಏನೂ ಸಿಗಲಿಲ್ಲ ಅನ್ನೋ ಆಕ್ಷೇಪ ಇದೆ, ನ್ಯಾಯವಾದದ್ದೇ. ಆದರೆ ಸುಳಿವು ಕೊಟ್ಟಿದ್ದು ಜಮೈಕಾ ಮತ್ತು ಫಿಲಿಪೀನ್ಸ್, ಎರಡೂ ಕಡೆ ಗಿಡ ವಲಸೆ ಬಂದಿದ್ದು. ಪಾಲು ಯಾರಿಗೆ ಸೇರಬೇಕು ಅಂತ ಯೋಚಿಸಿದರೆ ತಲೆ ಗಿರ್ ಅನ್ನುತ್ತೆ.)

ಈಗ ನನಗೆ ಇಡೀ ಕತೆಯಲ್ಲೇ ಅತ್ಯಂತ ರೋಚಕ ಅನ್ನಿಸಿದ ವಿಷಯ. ವಿನ್‌ಬ್ಲಾಸ್ಟಿನ್ ಮತ್ತು ವಿನ್‌ಕ್ರಿಸ್ಟಿನ್ ಅವಳಿಗಳಿದ್ದ ಹಾಗೆ. ಎರಡರಲ್ಲೂ 46 ಕಾರ್ಬನ್, 4 ನೈಟ್ರೋಜನ್. ಒಂದು ಕಡೆ ಸಾರಜನಕಕ್ಕೆ ಅಂಟಿಕೊಂಡ ಮೀಥೈಲ್ ಗುಂಪಿನ ಜಾಗದಲ್ಲಿ ಇನ್ನೊಂದರಲ್ಲಿ ಫಾರ್ಮೈಲ್ ಗುಂಪು ಇದೆ. ಅಂದರೆ ಎರಡು ಹೈಡ್ರೋಜನ್ ತೆಗೆದು ಒಂದು ಆಕ್ಸಿಜನ್ ಇಟ್ಟ ಹಾಗೆ, ಅಷ್ಟೇ ವ್ಯತ್ಯಾಸ. ಎರಡೂ ಮಾಡೋ ಕೆಲಸ ಒಂದೇ. ಜೀವಕೋಶ ಎರಡಾಗಿ ಒಡೆಯುವಾಗ ವರ್ಣತಂತುಗಳನ್ನು ಆಚೀಚೆ ಎಳೆಯಲು ಟ್ಯುಬುಲಿನ್ ಅನ್ನೋ ಪ್ರೋಟೀನಿನ ಇಟ್ಟಿಗೆಗಳಿಂದ ಸೂಕ್ಷ್ಮ ಕೊಳವೆಗಳು ಕಟ್ಟಿಕೊಳ್ಳುತ್ತವೆ. ಈ ಮದ್ದುಗಳು ಇಟ್ಟಿಗೆಗೇ ಅಂಟಿಕೊಂಡು ಕೊಳವೆ ಕಟ್ಟದಂತೆ ಮಾಡುತ್ತವೆ. ಕೋಶ ಅರ್ಧ ದಾರಿಯಲ್ಲಿ ಸಿಕ್ಕಿಹಾಕಿಕೊಂಡು ಸಾಯುತ್ತೆ. ಆದರೆ ಆ ಎರಡು ಹೈಡ್ರೋಜನ್‌ಗಳ ವ್ಯತ್ಯಾಸಕ್ಕೆ ದೇಹದಲ್ಲಿ ಪೆಟ್ಟು ಬೀಳೋ ಜಾಗವೇ ಬೇರೆಯಾಗುತ್ತೆ! ವಿನ್‌ಬ್ಲಾಸ್ಟಿನ್ ಮೂಳೆಮಜ್ಜೆಯನ್ನು ಹೊಡೆಯುತ್ತೆ. ವಿನ್‌ಕ್ರಿಸ್ಟಿನ್ ಮಜ್ಜೆಯನ್ನು ಬಹುಮಟ್ಟಿಗೆ ಬಿಟ್ಟು ನರಗಳನ್ನು ಹಿಡಿಯುತ್ತೆ. ನರತಂತುಗಳ ಉದ್ದಕ್ಕೂ ಸಾಮಾನು ಸಾಗಿಸೋ ಹಳಿಗಳು ಕೂಡ ಅದೇ ಟ್ಯುಬುಲಿನ್ ಕೊಳವೆಗಳು ನೋಡಿ.

ಇದರಿಂದ ಏನಾಯ್ತು ಅಂದರೆ, ಮಜ್ಜೆಯನ್ನು ಆಗಲೇ ಸುಸ್ತು ಮಾಡುತ್ತಿದ್ದ ಬೇರೆ ಔಷಧಗಳ ಜೊತೆ ವಿನ್‌ಕ್ರಿಸ್ಟಿನ್ ಸೇರಿಸಲು ಸಾಧ್ಯವಾಯ್ತು. ವಿಷಗಳು ಒಂದೇ ಅಂಗದ ಮೇಲೆ ಬೀಳದಂತೆ ಹಂಚಿದರೆ ದೇಹ ತಡೆದುಕೊಳ್ಳುತ್ತೆ, ಕ್ಯಾನ್ಸರಿಗೆ ಮಾತ್ರ ನಾಲ್ಕೂ ದಿಕ್ಕಿನಿಂದ ಏಟು. 1962ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಫ್ರೈ ಮತ್ತು ಫ್ರೈರೈಕ್ ಮಕ್ಕಳ ಲುಕೇಮಿಯಾಕ್ಕೆ ನಾಲ್ಕು ಮದ್ದುಗಳನ್ನು ಒಟ್ಟಿಗೆ ಕೊಟ್ಟರು, ಅದರಲ್ಲೊಂದು ವಿನ್‌ಕ್ರಿಸ್ಟಿನ್, ಇನ್ನೊಂದು ಸುಬ್ಬರಾವ್ ಪ್ರಯೋಗಾಲಯದ ಕಡೆಯಿಂದ ಬಂದ ಮೆಥೋಟ್ರೆಕ್ಸೇಟ್. 1964ರಲ್ಲಿ ವಿನ್ಸೆಂಟ್ ಡೆವಿಟ ಮತ್ತು ಸಂಗಡಿಗರು ಹಾಜ್‌ಕಿನ್ ಕಾಯಿಲೆಗೆ ಇಂಥದ್ದೇ ನಾಲ್ಕರ ಕೂಟ ಶುರು ಮಾಡಿದರು. ಅದರಲ್ಲಿ ನೈಟ್ರೋಜನ್ ಮಸ್ಟರ್ಡ್ ಮತ್ತು ವಿನ್‌ಕ್ರಿಸ್ಟಿನ್ ಅಕ್ಕಪಕ್ಕ ಕುಳಿತಿದ್ದವು, ಯುದ್ಧದ ವಿಷ ಮತ್ತು ಅಂಗಳದ ಹೂವು. ಪ್ರತಿ 5 ರೋಗಿಗಳಲ್ಲಿ 4 ಜನರಲ್ಲಿ ಕಾಯಿಲೆಯ ಗುರುತೇ ಸಿಗದಂತಾಯ್ತು. ಆಗ ಲುಕೇಮಿಯಾ ಬಂದ ಮಗು ಬದುಕೋದು ಅಪರೂಪ. ಇವತ್ತು ಅನುಕೂಲಸ್ಥ ದೇಶಗಳಲ್ಲಿ ಸುಮಾರು 90 ಶೇಕಡಾ ಮಕ್ಕಳು ಬದುಕುತ್ತಾರೆ. ಎಲ್ಲಾ ವಿನ್‌ಕ್ರಿಸ್ಟಿನ್ ಒಂದರಿಂದ ಅಲ್ಲ, ಆದರೆ ಅದಿಲ್ಲದ ಚಿಕಿತ್ಸೆ ಇವತ್ತಿಗೂ ಊಹಿಸೋದು ಕಷ್ಟ.

ನಮ್ಮ ಚಿಕ್ಕಪ್ಪನಿಗೆ ಲಿಂಫೋಮಾ ಅಂತ ಗೊತ್ತಾದಾಗ ಡಾಕ್ಟರು ಬರೆದ ಚೀಟಿಯಲ್ಲಿ ನಾಲ್ಕಕ್ಷರದ ಒಂದು ಹೆಸರಿತ್ತು, ಚಾಪ್. ಅದರ 'ಓ' ಅಂದರೆ ಆಂಕೋವಿನ್, ಲಿಲ್ಲಿ ಕಂಪನಿ ವಿನ್‌ಕ್ರಿಸ್ಟಿನ್‌ಗೆ ಇಟ್ಟ ಹೆಸರು. ಊರಿನಲ್ಲಿ ನಾಟಿ ಮದ್ದು ಕೊಡುವವರೊಬ್ಬರು "ಕೀಮೋ ಹೊಡೆಸಿಕೊಂಡ್ರೆ ಮುಗೀತು, ಬರೀ ವಿಷ ಅದು, ನಾನು ಸೊಪ್ಪಿನ ರಸದಲ್ಲೇ ಇಳಿಸ್ತೀನಿ" ಅಂದಿದ್ದರು. ಚಿಕ್ಕಪ್ಪ ಅರ್ಧ ಮನಸ್ಸು ಮಾಡಿಯೂ ಆಗಿತ್ತು. "ಗಿಡದ್ದಾದ್ರೆ ಮೈಗೆ ಒಗ್ಗುತ್ತೆ ಕಣೋ, ಈ ಪೇಟೆ ಔಷಧ ನಂಗೆ ತಡೆಯಲ್ಲ." ನಾನು ಮನೆಯಂಗಳದ ನಿತ್ಯಪುಷ್ಪ ತೋರಿಸಿ, ಚಿಕ್ಕಪ್ಪಾ, ಅವರು ಕೊಡೋದು ಇದನ್ನೇ, ಅಳತೆ ಮಾಡಿ ಕೊಡ್ತಾರೆ ಅಷ್ಟೇ ಅಂದೆ. ಒಬ್ಬ ದೊಡ್ಡವರಿಗೆ ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ದಾಟಿಸೋದಿಲ್ಲ. ಅದೂ ರಕ್ತನಾಳಕ್ಕೇ. ತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋದರೆ ಪ್ರಾಣವೇ ಹೋಗುತ್ತೆ. ಇಂಥದ್ದನ್ನು ಲೋಟದಲ್ಲಿ ಅಳೆಯೋದು ಹೇಗೆ? ಚಿಕ್ಕಪ್ಪ ಆಗ ಏನೂ ಮಾತಾಡಲಿಲ್ಲ. ಮಾರನೇ ದಿನ ಚಿಕ್ಕಮ್ಮನೇ ಬಟ್ಟೆ ಜೋಡಿಸಿ ಹೊರಡಿಸಿದರು. ಆರು ಸುತ್ತು ಮುಗಿಸಿದರು. ಅಡ್ಡಪರಿಣಾಮ ಇರಲಿಲ್ಲ ಅಂತ ನಾನು ಸುಳ್ಳು ಹೇಳಲ್ಲ. ಕೂದಲು ಹೋಯ್ತು, ಮಲಬದ್ಧತೆಯಿಂದ ಒದ್ದಾಡಿದರು, ಬೆರಳ ತುದಿ ಜೋಮು ಹಿಡಿದು ಅಂಗಿಯ ಗುಂಡಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಆ ಜೋಮು ನಿತ್ಯಪುಷ್ಪದ್ದು. ಪೂರ್ತಿ ಬಿಡಲು ತಿಂಗಳುಗಳೇ ಬೇಕಾದವು.

ಹಾಗಾದರೆ 'ಕಡಿಮೆ ವಿಷದ' ಗಿಡಮೂಲ ಔಷಧ ಅನ್ನೋದು ಇಲ್ಲವೇ ಇಲ್ಲವಾ? ಇದೆ, ಆದರೆ ದಾರಿ ಸುತ್ತು ಬಳಸಿನದು. ಅದಕ್ಕೆ ಇನ್ನೊಂದು ಮರದ ಕತೆ ಹೇಳಬೇಕು.

ಮನ್ರೋ ವಾಲ್ ಅನ್ನೋ ಅಮೆರಿಕದ ವಿಜ್ಞಾನಿ 1950ರ ದಶಕದಲ್ಲಿ ಕಾರ್ಟಿಸೋನ್ ತಯಾರಿಕೆಗೆ ಬೇಕಾದ ಸ್ಟೀರಾಯ್ಡ್ ಹುಡುಕಿಕೊಂಡು ಸಾವಿರಾರು ಗಿಡಗಳ ಸಾರ ತೆಗೆದಿಟ್ಟಿದ್ದರು. ಅವುಗಳಲ್ಲಿ ಒಂದು ಸಾವಿರದಷ್ಟನ್ನು ಕ್ಯಾನ್ಸರ್ ಪರೀಕ್ಷೆಗೆ ಕಳಿಸಿದಾಗ ಕ್ಯಾಂಪ್ಟೋಥೀಕಾ ಅನ್ನೋ ಚೀನಾದ ಮರದ ಸಾರ ಜೋರು ಫಲ ತೋರಿಸಿತು. ಆಮೇಲೆ ವಾಲ್ ಉತ್ತರ ಕೆರೊಲಿನಾದ ರಿಸರ್ಚ್ ಟ್ರಯಾಂಗಲ್ ಸಂಸ್ಥೆಗೆ ಹೋದರು. ಅಲ್ಲಿ ಅವರ ಜೊತೆಗಾರ ಮಹಾರಾಷ್ಟ್ರದ ನಂದುರ್ಬಾರ್‌ನಲ್ಲಿ ಹುಟ್ಟಿ, ಮುಂಬೈ ವಿಶ್ವವಿದ್ಯಾಲಯದಲ್ಲಿ ಓದಿದ ಮನಸುಖ್ ವಾನಿ. 1966ರಲ್ಲಿ ಇವರು ಕ್ಯಾಂಪ್ಟೋಥೀಸಿನ್ ರಚನೆ ಪ್ರಕಟಿಸಿದರು, 1971ರಲ್ಲಿ ಯೂ ಮರದ ತೊಗಟೆಯಿಂದ ಟ್ಯಾಕ್ಸಾಲ್. ಒಂದೇ ಜೋಡಿ, ಎರಡು ಮಹಾ ಔಷಧ! ಟ್ಯಾಕ್ಸಾಲ್ ಕತೆ ಎಲ್ಲರಿಗೂ ಗೊತ್ತಿರೋದರಿಂದ ಬಿಡ್ತೀನಿ. (ನಿತ್ಯಪುಷ್ಪದ್ದು ಕೊಳವೆ ಕಟ್ಟಲು ಬಿಡಲ್ಲ, ಟ್ಯಾಕ್ಸಾಲ್ ಕಟ್ಟಿದ ಕೊಳವೆ ಬಿಚ್ಚಲು ಬಿಡಲ್ಲ. ಇದನ್ನು 1979ರಲ್ಲಿ ತೋರಿಸಿಕೊಟ್ಟವರು ಸುಸಾನ್ ಹಾರ್ವಿಟ್ಜ್.)

ಕ್ಯಾಂಪ್ಟೋಥೀಸಿನ್ ನೀರಿನಲ್ಲಿ ಕರಗೋದಿಲ್ಲ. ಹಾಗಾಗಿ ಅದರ ಒಂದು ಉಂಗುರ ಬಿಡಿಸಿ ಸೋಡಿಯಂ ಲವಣ ಮಾಡಿ ರೋಗಿಗಳಿಗೆ ಕೊಟ್ಟರು. ಬಿಚ್ಚಿದ ರೂಪಕ್ಕೆ ಕ್ಯಾನ್ಸರ್ ಮೇಲೆ ಹೆಚ್ಚು ಬಲವಿರಲಿಲ್ಲ. ಆದರೆ ಮೂತ್ರಕೋಶದ ಆಮ್ಲದಲ್ಲಿ ಉಂಗುರ ಮತ್ತೆ ಕೂಡಿಕೊಂಡು ಅಲ್ಲಿ ರಕ್ತ ಬರುವಷ್ಟು ಸುಟ್ಟಿತು. 1972ರ ಹೊತ್ತಿಗೆ ಪ್ರಯೋಗ ನಿಂತೇಹೋಯ್ತು.

ವಿಪರ್ಯಾಸ ನೋಡಿ, ಅದೇ 1972ರಲ್ಲಿ ಮುಂಬೈಯ ಸೀಬಾ ಸಂಶೋಧನಾ ಕೇಂದ್ರದ ಟಿ.ಆರ್. ಗೋವಿಂದಾಚಾರಿ ಮತ್ತು ವಿಶ್ವನಾಥನ್ ನಮ್ಮ ಸಹ್ಯಾದ್ರಿಯ ಒಂದು ಸಣ್ಣ ಮರದಲ್ಲಿ ಕ್ಯಾಂಪ್ಟೋಥೀಸಿನ್ ಇರುವುದನ್ನು ಕಂಡುಹಿಡಿದರು. ಚೀನಾದ ಮರಕ್ಕಿಂತ ಹೆಚ್ಚೇ ಇತ್ತು. ಈಗಿನ ಹೆಸರು ನೊಥಾಪೊಡೈಟಿಸ್ ನಿಮ್ಮೋನಿಯಾನ, ಆಗ ಮಾಪಿಯಾ ಫೀಟಿಡಾ. ಫೀಟಿಡಾ ಅಂದರೆ ನಾರುವಂಥದ್ದು ಅಂತ. ನಮ್ಮ ಮಲೆನಾಡಿನ ಕಾಡುಗಳಲ್ಲಿ ಯಾರೂ ತಿರುಗಿ ನೋಡದೆ ನಿಂತಿದ್ದ ಮರ.

1985ರಲ್ಲಿ ಲೆರಾಯ್ ಲಿಯು ತಂಡ ಕ್ಯಾಂಪ್ಟೋಥೀಸಿನ್ ಹೇಗೆ ಕೆಲಸ ಮಾಡುತ್ತೆ ಅಂತ ಬಿಡಿಸಿತು. ಡಿಎನ್‌ಎಯ ತಿರುಚು ಬಿಡಿಸಲು ಒಂದು ಎಳೆ ಕತ್ತರಿಸಿ ಮತ್ತೆ ಅಂಟಿಸುವ ಟೊಪೋಐಸೋಮರೇಸ್ ಅನ್ನೋ ಕಿಣ್ವವನ್ನು ಇದು ಕತ್ತರಿಸಿದ ಸ್ಥಿತಿಯಲ್ಲೇ ಹಿಡಿದು ನಿಲ್ಲಿಸುತ್ತೆ. ಕಾರಣ ಗೊತ್ತಾದ ಮೇಲೆ ಉಂಗುರ ಬಿಚ್ಚದೆಯೇ ಕರಗುವಂತೆ ಅಣುವನ್ನು ತಿದ್ದಿದರು. ಜಪಾನಿನಲ್ಲಿ ಇರಿನೋಟೆಕಾನ್ ಮಾಡಿದ್ದು ಯಾರು ಗೊತ್ತಾ? ಯಾಕುಲ್ಟ್! ಹೌದು, ಪುಟ್ಟ ಬಾಟಲಿಯ ಹುಳಿ ಹಾಲಿನವರೇ. 1996ರಲ್ಲಿ ಇರಿನೋಟೆಕಾನ್, ಟೊಪೊಟೆಕಾನ್ ಎರಡಕ್ಕೂ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಬೇಡಿಕೆ ಏರಿದಂತೆ ಸಹ್ಯಾದ್ರಿಯ ಮರಕ್ಕೆ ಕೊಡಲಿ ಬಿತ್ತು. ಬೇರು ಸಮೇತ ಕಿತ್ತು ಸಾಗಿಸಿದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ಮತ್ತು ಸಂಗಡಿಗರು ಘಟ್ಟದುದ್ದಕ್ಕೂ ಓಡಾಡಿ, ಹೆಚ್ಚು ಇಳುವರಿಯ ಮರಗಳು ಎಲ್ಲಿವೆ, ಕಡಿಯದೇ ಪಡೆಯಲು ಬೇರೆ ದಾರಿ ಇದೆಯಾ ಅಂತ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅದು ನಮ್ಮ ಪತ್ರಿಕೆಗಳಲ್ಲಿ ಇನ್ನೂ ಹೆಚ್ಚು ಬರಬೇಕಿತ್ತು.

ಇರಿನೋಟೆಕಾನ್ ಕೂಡ ಮೃದು ಏನಲ್ಲ, ಕೆಲವರಿಗೆ ಭೀಕರ ಭೇದಿಯಾಗುತ್ತೆ. ಹಾಗಾಗಿ ಮುಂದಿನ ಹೆಜ್ಜೆ ವಿಷವನ್ನು ಕಡಿಮೆ ಮಾಡೋದಲ್ಲ, ವಿಷಕ್ಕೆ ವಿಳಾಸ ಬರೆಯೋದು. ಕ್ಯಾನ್ಸರ್ ಕೋಶದ ಮೈಮೇಲಿನ ಗುರುತನ್ನು ಹುಡುಕಿ ಅಂಟಿಕೊಳ್ಳೋ ಪ್ರತಿಕಾಯಕ್ಕೆ ಮದ್ದನ್ನು ಕಟ್ಟಿ ಕಳಿಸೋದು. ಆಫ್ರಿಕಾದ ಗಿಡವೊಂದರಿಂದ ಕುಪ್ಚನ್ ತಂಡ 1972ರಲ್ಲಿ ಪ್ರಕಟಿಸಿದ ಮೇಟನ್ಸಿನ್ ಎಷ್ಟು ಉಗ್ರವಾಗಿತ್ತು ಅಂದರೆ ರೋಗಿಗಳ ಮೇಲಿನ ಪ್ರಯೋಗಗಳ ನಂತರ ಕೈಬಿಟ್ಟಿದ್ದರು. ಅದರದ್ದೇ ಒಂದು ರೂಪ ಪ್ರತಿಕಾಯದ ಬೆನ್ನೇರಿ 2013ರಲ್ಲಿ ಸ್ತನ ಕ್ಯಾನ್ಸರಿನ ಔಷಧವಾಗಿ ವಾಪಸ್ ಬಂತು. 2019ರಲ್ಲಿ ಬಂದ ಟ್ರಾಸ್ಟುಜುಮಾಬ್ ಡೆರುಕ್ಸ್‌ಟೆಕಾನ್‌ನ ಹೊರೆ ಕ್ಯಾಂಪ್ಟೋಥೀಸಿನ್ ಮನೆತನದ್ದು. ಇವಕ್ಕೂ ಅಡ್ಡಪರಿಣಾಮ ಇದೆ, ಡೆರುಕ್ಸ್‌ಟೆಕಾನ್ ಕೆಲವರ ಶ್ವಾಸಕೋಶಕ್ಕೆ ಅಪಾಯ ತರುತ್ತೆ. ಬೆಲೆಯಂತೂ ಕೇಳಲೇಬೇಡಿ. ಆದರೂ ನೇರವಾಗಿ ಕೊಟ್ಟರೆ ತಡೆಯಲಾಗದ ವಿಷವನ್ನು ತಡೆಯುವಂತೆ ಮಾಡಿದ್ದು ನಿಜ.

ನಿತ್ಯಪುಷ್ಪ ಮಾತ್ರ ಇವತ್ತಿಗೂ ಹಳೇ ದಾರಿಯಲ್ಲೇ ಇದೆ. 2019ರಲ್ಲಿ ಅಮೆರಿಕದಲ್ಲಿ ಟೇವಾ ಕಂಪನಿ ವಿನ್‌ಕ್ರಿಸ್ಟಿನ್ ನಿಲ್ಲಿಸಿ, ಫೈಜರ್ ಒಂದೇ ಉಳಿದು, ಅಲ್ಲಿನ ಮಕ್ಕಳಾಸ್ಪತ್ರೆಗಳಲ್ಲಿ ಮದ್ದಿಲ್ಲದೆ ಪರದಾಟ ಆಯ್ತು. ಐವತ್ತೈದು ವರ್ಷ ಹಳೆಯ, ಲಾಭ ಹೆಚ್ಚಿಲ್ಲದ ಔಷಧ ನೋಡಿ. 2022ರಲ್ಲಿ ಕ್ಯಾಲಿಫೋರ್ನಿಯಾದ ಜೇ ಕೀಸ್ಲಿಂಗ್ ತಂಡ ಯೀಸ್ಟ್‌ನ ವಂಶವಾಹಿಯಲ್ಲಿ 56 ತಿದ್ದುಪಡಿ ಮಾಡಿ, ಅವುಗಳಲ್ಲಿ ಗಿಡಗಳ 34 ಜೀನ್‌ಗಳನ್ನು ಸೇರಿಸಿ, ವಿನ್‌ಬ್ಲಾಸ್ಟಿನ್‌ನ ಎರಡು ಅರ್ಧಗಳನ್ನು ಅದರಿಂದಲೇ ಮಾಡಿಸಿದರು. ಆಮೇಲೆ ಎರಡನ್ನೂ ಪ್ರಯೋಗಾಲಯದಲ್ಲಿ ಬೆಸೆದರು. ನಮ್ಮ ಕೋಡ್‌ನಲ್ಲಿ 56 ಕಡೆ ತಿದ್ದಿ ಒಂದೇ ಸಲಕ್ಕೆ ಓಡಿದರೆ ಹಬ್ಬ ಮಾಡ್ತೀವಿ, ಇದು ಜೀವಂತ ಕೋಶ! ಆದರೆ ಸಿಕ್ಕಿದ್ದು ಲೀಟರಿಗೆ ಒಂದು ಮಿಲಿಗ್ರಾಂಗಿಂತ ಕಡಿಮೆ. ಆ ಇಳುವರಿ ಏರುವವರೆಗೆ ತಮಿಳುನಾಡಿನ ದಕ್ಷಿಣ ಜಿಲ್ಲೆಗಳ ಒಣಭೂಮಿಯಲ್ಲಿ ನಿತ್ಯಕಲ್ಯಾಣಿ ಬೆಳೆದು, ಎಲೆ ಒಣಗಿಸಿ ಮಾರುವ ರೈತರಿಗೆ ಕೆಲಸ ಇದ್ದೇ ಇದೆ.